ಮುದಿನಾಯಿಗೊಂದು ನೆಲೆ

ಮನೆಯಲ್ಲಿ ನಾಯಿಯನ್ನು ಸಾಕಬೇಕೆಂಬ ಅಪೇಕ್ಷೆಯುಳ್ಳವರು ಸಾಮಾನ್ಯವಾಗಿ ಮರಿಯನ್ನೇ ಹುಡುಕುವರು. ಮರಿಯ ಚೇಷ್ಟೆ ಕಣ್ಣಿಗೆ ಹಿತ, ಮಕ್ಕಳಿಗೆ ವಿನೋದ. ಆದರೆ ಪ್ರಾಣಿದಯಾ ಸಂಘಗಳ ಆಶ್ರಯಗಳಲ್ಲಿ ಮೂಲೆ ಹಿಡಿದು ಮಲಗಿ, ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತಿ ನೋಡಿ, ಬಂದವರು ತನ್ನವರಲ್ಲವೆಂದು ತಿಳಿದು ಮತ್ತೆ ತಲೆಯಿಳಿಸುವ ಮುದಿನಾಯಿಗಳನ್ನು ಕೇಳುವವರು ವಿರಳ. ಅಂತಹ ನಾಯಿಗೆ ಸ್ಥಿರವಾದ ಮನೆಯನ್ನು ಹುಡುಕಿಕೊಡುವ ಬಗೆ ಹೇಗೆಂಬುದನ್ನು ಕುರಿತು ಈ ತಿಂಗಳು ಗೃಹಸ್ಥರಾದ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಮುದಿನಾಯಿಯೆಂದು ಕರೆಯುವುದು ಯಾವ ವಯಸ್ಸಿನಿಂದ? ಇದು ನಾಯಿಯ ಗಾತ್ರವನ್ನು ಅನುಸರಿಸಿರುತ್ತದೆ. ದೊಡ್ಡ ಮೈಯ ನಾಯಿಗಳಿಗೆ 6–7ನೆಯ ವರ್ಷದಲ್ಲಿಯೇ ಮುಪ್ಪು ತಲೆದೋರುವುದುಂಟು. ಸಣ್ಣ ಜಾತಿಯವು 10 ವರ್ಷವಾದರೂ ಚುರುಕಾಗಿರುತ್ತವೆ. ಮುಪ್ಪೆಂದೊಡನೆ ಮರಣವು ಹೊಸ್ತಿಲಿಗೆ ಬಂದಿತೆಂದು ಭಾವಿಸಬಾರದು. 8 ವರ್ಷದ ನಾಯಿಗೆ ಇನ್ನೂ ನಾಲ್ಕೈದು ವರ್ಷಗಳ ಆಯುಸ್ಸಿರುವುದು ಅಪೂರ್ವವೇನಲ್ಲ. ಹೀಗಿದ್ದೂ ಇವು ಬೀದಿಗೆ ಬೀಳುವುದು ತಮ್ಮ ತಪ್ಪಿನಿಂದಲ್ಲ. ಒಡೆಯನು ತೀರಿಕೊಂಡಿರುತ್ತಾನೆ, ಇಲ್ಲವೆ ಸಂಸಾರವು ಪರದೇಶಕ್ಕೆ ಹೊರಟಿರುತ್ತದೆ, ಇಲ್ಲವೆ ಔಷಧದ ಖರ್ಚು ಹೆಚ್ಚಾಯಿತೆಂದು ಯಾರೋ ರಾತ್ರಿಯಲ್ಲಿ ಕಾರಿನಿಂದಿಳಿಸಿ ಹೋಗಿರುತ್ತಾರೆ.

ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ, ತಕ್ಕ ಕಾರಣವಿಲ್ಲದೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸಾ ನಿವಾರಣೆಯ ಅಧಿನಿಯಮದಂತೆ ಅಪರಾಧವಷ್ಟೆ. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನವೇ ಈ ಶಾಸನಕ್ಕೆ ಪ್ರೇರಣೆ. ಆದರೆ ಮೊದಲ ತಪ್ಪಿಗೆ ಅದು ವಿಧಿಸಿದ ದಂಡವು 50 ರೂಪಾಯಿಗಳನ್ನು ಮೀರುವುದಿಲ್ಲ. ದಂಡದ ಭಯದಿಂದ ಈ ಕಾರ್ಯವು ನಿಲ್ಲಲಾರದು. ಮಹಾಪ್ರಸ್ಥಾನಿಕಪರ್ವದಲ್ಲಿ ಧರ್ಮರಾಯನು ತನ್ನನ್ನು ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ರಥವನ್ನೇರಲು ಒಪ್ಪದೆ ಹೋದ ಪ್ರಸಂಗವನ್ನು ವಾಚಕರು ಬಲ್ಲರು. ಅಲ್ಲಿ ಬರುವ ‘ಆನೃಶಂಸ್ಯ’ವೆಂಬ ಶಬ್ದಕ್ಕೆ ಕ್ರೂರವಾಗದಿರುವಿಕೆ ಎಂದರ್ಥ. ನಮ್ಮನ್ನು ನಂಬಿದ್ದನ್ನು ನಡುದಾರಿಯಲ್ಲಿ ಕೈಬಿಡದಿರುವುದೇ ಅದರ ಮೊದಲ ಲಕ್ಷಣ.

“ವಯಸ್ಸಾದ ನಾಯಿ ಹೊಸಬರಿಗೆ ಹೊಂದಿಕೊಳ್ಳುವುದೇ?” ಎಂದು ಹಲವರು ಕೇಳುವರು. ಇದಕ್ಕೆ ನಮ್ಮ ನಾಡಿನ ಕಲ್ಲೊಂದು ಉತ್ತರ ಹೇಳುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. 949–50ರ ಶಾಸನದಲ್ಲಿ ‘ಕಾಳಿ’ಯೆಂಬ ಬೇಟೆನಾಯಿಯ ವೃತ್ತಾಂತವಿದೆ. ಗಂಗರ ಬೂತುಗನ ಭಟನಾದ ಮಣಲೆರನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಲು, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಮಣಲೆರನು ಬೇಡಿದುದು ಈ ಕಾಳಿಯನ್ನು. ಮುಂದೆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಒಡೆಯನು ಅದರ ನೆನಪಿಗಾಗಿ ದೇವಾಲಯದೆದುರಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಅರಮನೆಯಲ್ಲಿ ಬೆಳೆದ ನಾಯಿ ಭಟನ ಮನೆಗೆ ಬಂದು ಪ್ರಾಣಕೊಡುವಷ್ಟು ಅವನದಾಯಿತು. ಬೆಳೆದ ನಾಯಿಗೆ ಹೊಸ ಒಡೆಯನು ಒಗ್ಗುವನೆಂಬುದರಲ್ಲಿ ಸಂದೇಹವಿಲ್ಲ. ಒಗ್ಗಲು ಅವಕಾಶವನ್ನು ಕೊಡತಕ್ಕವರು ನಾವು.

ಇನ್ನು ಮನೆ ಹುಡುಕುವ ಕ್ರಮ. ಮೊದಲು ನಾಯಿಯನ್ನು ಪಶುವೈದ್ಯರಿಗೆ ತೋರಿಸಬೇಕು. ಹಲ್ಲು, ಕಣ್ಣು, ಕಿವಿ, ಹೃದಯ, ಹಿಂಗಾಲಿನ ಕೀಲುಗಳು ಇವನ್ನು ಪರೀಕ್ಷಿಸಿ, ರಕ್ತಪರೀಕ್ಷೆಯಿಂದ ಮೂತ್ರಪಿಂಡಗಳ ಸ್ಥಿತಿಯನ್ನೂ ಉಣ್ಣೆಗಳಿಂದ ಬರುವ ಜ್ವರವನ್ನೂ ನೋಡಿಸುವುದು ಒಳ್ಳೆಯದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಲೇಬೇಕು. ಹೆಣ್ಣುನಾಯಿಗೆ ಸಂತಾನನಿರೋಧದ ಶಸ್ತ್ರಚಿಕಿತ್ಸೆ ಆಗಿರದಿದ್ದರೆ, ಮುಪ್ಪಿನಲ್ಲಿ ಗರ್ಭಕೋಶದೊಳಗೆ ಕೀವು ತುಂಬಿ ಪ್ರಾಣಕ್ಕೆ ಅಪಾಯವಾಗುವುದುಂಟು. ಇದನ್ನೂ ವೈದ್ಯರಲ್ಲಿ ವಿಚಾರಿಸತಕ್ಕದ್ದು.

ಬಳಿಕ, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಬೇಕು: ವಯಸ್ಸಿಷ್ಟು, ಔಷಧ ಇಂಥದ್ದು, ತಿಂಗಳಿಗೆ ತಗಲುವ ಖರ್ಚು ಇಷ್ಟು, ಬೆಕ್ಕನ್ನು ಕಂಡರಾಗದು, ಗುಡುಗಿಗೆ ಹೆದರುತ್ತದೆ, ರಾತ್ರಿ ಒಮ್ಮೆ ಹೊರಗೆ ಬಿಡಬೇಕು, ಹೀಗೆ. ಹೇಗಾದರೂ ಮನೆ ಸಿಗಲೆಂಬ ಆತುರದಿಂದ ಒಂದೆರಡು ವಯಸ್ಸನ್ನು ಇಳಿಸಿ, ಒಂದೆರಡು ರೋಗವನ್ನು ಮುಚ್ಚಿ ಹೇಳುವವರಿದ್ದಾರೆ. ಇದರಿಂದ ಕೆಡುಕಾಗುವುದು ನಾಯಿಗೇ. ಮರೆಮಾಚಿದ್ದು ಹದಿನೈದು ದಿನದಲ್ಲಿ ಬಯಲಾಗುತ್ತದೆ. ನಾಯಿ ಮರಳಿ ಬರುತ್ತದೆ. ಎರಡನೆಯ ಸಲ ಬಿಡಲ್ಪಟ್ಟ ನಾಯಿ ಅನ್ನವನ್ನು ಬಿಟ್ಟು ಮಂಕಾಗಿ ಕುಳಿತುದನ್ನು ನಾವು ಕಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯಲ್ಲಿ 9 ವರ್ಷದ ಲ್ಯಾಬ್ರಡಾರ್ ನಾಯಿಯೊಂದು ದಿಕ್ಕಿಲ್ಲದೆ ಉಳಿಯಿತು. ಕೇಳಿಕೊಂಡು ಬಂದವರು ಮೂವರು. ಮೊದಲನೆಯವರು ಪ್ರೀತಿಯುಳ್ಳವರೇ, ಆದರೆ ಮನೆ ಎರಡನೆಯ ಅಂತಸ್ತಿನಲ್ಲಿ, ನಾಯಿಗೆ ಹಿಂಗಾಲಿನ ನೋವು. ಎರಡನೆಯವರಿಗೆ ತೋಟದ ಕಾವಲಿಗೆ ನಾಯಿ ಬೇಕಾಗಿತ್ತು. ಇದಕ್ಕೋ ಕಿವಿ ಮಂದ. ಮೂರನೆಯವರು ನೆಲಮನೆಯಲ್ಲಿದ್ದ ವೃದ್ಧ ದಂಪತಿಗಳು. ಆ ತಾಯಿ ನಾಯಿಯ ತಲೆಯನ್ನು ಸವರುತ್ತ, “ಮೇಷ್ಟ್ರೇ, ನಮಗೇ ಎಪ್ಪತ್ತಾಯಿತು. ನಾಳೆ ನಮಗೇನಾದರೂ ಆದರೆ ಈ ಮೂಕಪ್ರಾಣಿಯ ಗತಿಯೇನು?” ಎಂದರು. ಉಳಿದಿಬ್ಬರೂ ಕೇಳದ ಪ್ರಶ್ನೆಯದು. ಅದನ್ನು ಕೇಳಿದವರ ಮನೆಯೇ ಸರಿಯಾದ ಮನೆಯೆಂದು ನಮಗೆ ತೋರಿತು. ಆಕೆಯ ತಂಗಿಯ ಮಗಳು ತಾನು ನೋಡಿಕೊಳ್ಳುವೆನೆಂದು ಬರೆದುಕೊಟ್ಟಳು. ಒಂದೂವರೆ ವರ್ಷದ ಮೇಲೆ ಯಜಮಾನರು ತೀರಿಕೊಂಡಾಗ, ಆ ಕಾಗದದಂತೆ ಆ ಹುಡುಗಿ ಬಂದು ದೊಡ್ಡಮ್ಮನನ್ನು ನೋಡಿಕೊಂಡಂತೆ ನಾಯಿಯನ್ನೂ ಕೊನೆಯವರೆಗೆ ನೋಡಿಕೊಂಡಳು.

ಆದುದರಿಂದ, ಕೊಡುವವರು ಮನೆಯನ್ನು ಕಣ್ಣಾರೆ ನೋಡಬೇಕು. ಮನೆಯವರೆಲ್ಲರ ಸಮ್ಮತಿಯಿದೆಯೇ, ಬಾಡಿಗೆಯ ಮನೆಯಾದರೆ ಮಾಲೀಕರು ಒಪ್ಪಿರುವರೇ ಎಂಬುದನ್ನು ವಿಚಾರಿಸಬೇಕು. ಸಾಕಲಾಗದ ಸಂದರ್ಭ ಬಂದರೆ ನಾಯಿಯನ್ನು ಬೇರೆಯವರಿಗೆ ದಾಟಿಸದೆ ತಮಗೇ ಒಪ್ಪಿಸತಕ್ಕದ್ದೆಂದೂ, ಒಡೆಯರ ತರುವಾಯ ಇಂಥವರು ಹೊಣೆಯೆಂದೂ ಬರೆಯಿಸಿಕೊಳ್ಳಬೇಕು. ಇದು ಅಪನಂಬಿಕೆಯಲ್ಲ, ಹೆಣ್ಣು ಕೊಡುವಾಗಲೂ ನಾವು ಮನೆತನವನ್ನು ವಿಚಾರಿಸುತ್ತೇವಷ್ಟೆ.

ನಾಯಿ ಮನೆಗೆ ಬಂದಮೇಲೆ ತಾಳ್ಮೆ ಬೇಕು. ಬೆದರಿಕೆ ಕಳೆಯಲು ಮೂರು ದಿನ, ಮನೆಯ ರೀತಿಯನ್ನು ಅರಿಯಲು ಮೂರು ವಾರ, ಇದು ತನ್ನ ಮನೆಯೆಂದು ನೆಚ್ಚಲು ಮೂರು ತಿಂಗಳು ಎಂಬುದು ಈ ಸೇವೆಯಲ್ಲಿರುವವರ ಅಂದಾಜು. ಮೊದಲ ದಿನಗಳಲ್ಲಿ ನೆಂಟರಿಷ್ಟರನ್ನು ಕರೆದು ತೋರಿಸಬಾರದು. ಇಂದಿನ ನುಣುಪಾದ ನೆಲದಲ್ಲಿ ಮುದಿನಾಯಿಯ ಕಾಲು ಜಾರುತ್ತದೆ. ಅದು ಓಡಾಡುವ ಕಡೆ ಗೋಣಿತಾಟನ್ನೂ ಮಲಗಲು ದಪ್ಪನಾದ ಕೌದಿಯನ್ನೂ ಹಾಸಬೇಕು. ಹಿಂದೆ ತಿನ್ನುತ್ತಿದ್ದ ಆಹಾರವನ್ನು ಒಮ್ಮೆಲೇ ಬದಲಿಸದೆ ಏಳೆಂಟು ದಿನಗಳಲ್ಲಿ ಮೆಲ್ಲಮೆಲ್ಲನೆ ಬದಲಿಸಬೇಕು. ಈರುಳ್ಳಿ ಬಿದ್ದ ಹುಳಿ, ದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷ. ಕಾಲು ನೋಯುವುದೆಂದು ನಮ್ಮ ಐಬುಪ್ರೊಫೆನ್ ಮಾತ್ರೆಯನ್ನು ನುಂಗಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡಬಹುದು. ಕಿವಿ ಮಂದವಾದ ನಾಯಿಯನ್ನು ಹಿಂದಿನಿಂದ ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಬೇಕು.

ಇಷ್ಟೆಲ್ಲ ಮಾಡಿ ಎರಡು ಮೂರು ವರ್ಷಗಳಲ್ಲಿ ಅಗಲಿಕೆಯ ದುಃಖವನ್ನು ಏಕೆ ತಂದುಕೊಳ್ಳಬೇಕೆಂದು ಕೆಲವರು ಕೇಳಬಹುದು. ದುಃಖವು ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಎರಡು ಮೂರು ವರ್ಷ ನಮಗೆ ಸ್ವಲ್ಪ, ನಾಯಿಗೆ ಉಳಿದ ಆಯುಸ್ಸೆಲ್ಲವೂ ಅದೇ. ಮರಿಯಂತೆ ಅದು ಚಪ್ಪಲಿಯನ್ನು ಕಡಿಯದು, ಶೌಚದ ಪಾಠವನ್ನು ಬಹುಮಟ್ಟಿಗೆ ಕಲಿತೇ ಬಂದಿರುತ್ತದೆ. ಬೆಳಗ್ಗೆ ಸಂಜೆ ನಿಧಾನವಾದ ನಡಿಗೆ ಅದಕ್ಕೆ ಸಾಕು. ಮಕ್ಕಳು ದೂರದೂರಿಗೆ ಹೋಗಿ ಮನೆ ಬಿಕೋ ಎನ್ನುತ್ತಿರುವ ಹಿರಿಯರಿಗೆ ಇದಕ್ಕಿಂತ ಒಪ್ಪುವ ಜೊತೆ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ 1991ರಿಂದ ನಡೆಯುತ್ತಿರುವ ‘ಕ್ಯೂಪಾ’ದಂತಹ ಸಂಘಗಳು ಅನಾಥ ನಾಯಿಗಳಿಗೆ ಮನೆ ಹುಡುಕಿಕೊಡುವ ಕೆಲಸ ಮಾಡುತ್ತಿವೆ. ಕೊನೆಯವರೆಗೆ ಸಾಕಲಾಗದವರು, ಸರಿಯಾದ ಮನೆ ದೊರೆಯುವ ತನಕ ಒಂದು ತಿಂಗಳು ಜಗಲಿಯಲ್ಲಿ ನೆಲೆಕೊಟ್ಟರೂ ಉಪಕಾರವೇ. ಮುಂದಿನ ಬಾರಿ ಮರಿಯನ್ನು ತರಬೇಕೆಂದು ಹೊರಟ ವಾಚಕರು, ಒಮ್ಮೆ ಮೂಲೆಯಲ್ಲಿ ಮಲಗಿರುವುದರ ಕಡೆಗೂ ಕಣ್ಣು ಹಾಯಿಸಬೇಕೆಂದು ಕೋರುತ್ತೇವೆ.