ಆ ಮೇಜಿನ ಮುಂದೆ ನಮ್ಮ ಮಕ್ಕಳು ನಿಲ್ಲಲಿ
(ಫಿಲಡೆಲ್ಫಿಯಾ ಮೇಯರ್ ಅವರಿಗೆ ಬಹಿರಂಗ ಪತ್ರ)

ಮಾನ್ಯ ಮೇಯರ್ ಅವರಿಗೆ,

ಊರಿಂದ ಅಪ್ಪ ಅಮ್ಮ ಬಂದರೆ ಇಲ್ಲಿನ ಕನ್ನಡಿಗರು ಮೊದಲು ತೋರಿಸುವುದು ಲಿಬರ್ಟಿ ಬೆಲ್. ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಜರ್ಮನ್‌ಟೌನ್ ಅವೆನ್ಯೂ ಪಕ್ಕದಲ್ಲಿ, ಮೆನೊನೈಟರೆಂಬ ಕ್ರೈಸ್ತ ಪಂಥದವರ ಹಳೆಯ ಪ್ರಾರ್ಥನಾ ಮಂದಿರವಿದೆ. ನಗರದ ಪ್ರತಿ ಶಾಲಾ ಮಗುವನ್ನೂ ಒಮ್ಮೆ ಅಲ್ಲಿಗೆ ಕಳಿಸಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಅದು ಗೋಪುರವಿಲ್ಲದ, ಚಿಕ್ಕ ಕಲ್ಲುಕಟ್ಟಡ. ಕಟ್ಟಿದ್ದು 1770ರಲ್ಲಿ; ಅದಕ್ಕೂ ಮುಂಚೆ, 1708ರಲ್ಲಿ, ಅದೇ ಜಾಗದಲ್ಲಿ ಮರದ ದಿಮ್ಮಿಗಳ ಮನೆಯೊಂದು ಎದ್ದಿತ್ತು. ಮೆನೊನೈಟರು ಆಯುಧ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ, ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ಇಷ್ಟಕ್ಕೇ ಯುರೋಪಿನಲ್ಲಿ ತಲೆಮಾರುಗಳ ಕಾಲ ಹಿಂಸೆ ಉಂಡವರು. ಮಂದಿರವಿರುವ ಜರ್ಮನ್‌ಟೌನ್ ಹುಟ್ಟಿದ್ದು 1683ರಲ್ಲಿ ಜರ್ಮನಿಯ ಕ್ರೆಫೆಲ್ಡ್ ಬಿಟ್ಟು ಹಡಗಿನಲ್ಲಿ ಬಂದ ಹದಿಮೂರು ಕುಟುಂಬಗಳಿಂದ. ಇಲ್ಲಿನ ಮೆನೊನೈಟರ ಮೊದಲ ಬೋಧಕ ವಿಲಿಯಂ ರಿಟನ್‌ಹೌಸ್ 1690ರಲ್ಲಿ ಬ್ರಿಟಿಷ್ ಅಮೆರಿಕದ ಮೊದಲ ಕಾಗದದ ಗಿರಣಿಯನ್ನು ಶುರುಮಾಡಿದ. ಶಾಂತಿಯ ಜನರ ಈ ಅಂಗಳಕ್ಕೂ ಅಮೆರಿಕದ ಸ್ವಾತಂತ್ರ್ಯ ಯುದ್ಧ ನುಗ್ಗಿತು: 1777ರ ಅಕ್ಟೋಬರ್ 4ರಂದು ಇಲ್ಲಿನ ಸ್ಮಶಾನದ ಗೋಡೆಯ ಮರೆಯಿಂದ ಹಾರಿದ ಗುಂಡಿಗೆ ಬ್ರಿಟಿಷ್ ಸೇನಾಧಿಕಾರಿ ಜೇಮ್ಸ್ ಆಗ್ನ್ಯೂ ಬಲಿಯಾದ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಒಳಗಿರುವ ಒಂದು ಸಾದಾ ಮೇಜು. 1688ರ ಗುಲಾಮಗಿರಿ ವಿರೋಧಿ ಮನವಿಗೆ ಸಹಿ ಬಿದ್ದದ್ದು ಅದರ ಮೇಲೆಯೇ ಎಂದು ನಂಬಿಕೊಂಡು ಬಂದಿದ್ದಾರೆ. ಸಹಿ ಹಾಕಿದವರು ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್ ಸೇರಿ ನಾಲ್ವರು. ಸಹಿ ಹಾಕುವ ಹೊತ್ತಿಗೆ ಅವರು ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಥದ ಸಭೆಗೆ ಸೇರಿದ್ದರು, ಆದರೆ ಕ್ರೆಫೆಲ್ಡ್‌ನಿಂದ ಬಂದವರ ಬೇರು ಮೆನೊನೈಟರಲ್ಲಿತ್ತು. ಜರ್ಮನ್‌ಟೌನ್ ಹುಟ್ಟಿ ಐದೇ ವರ್ಷವಾಗಿತ್ತು. ಆದರೂ ಕೇಳಿದರು: ನಮ್ಮನ್ನು ಯಾರಾದರೂ ಹಿಡಿದು ಮಾರಿದರೆ ಒಪ್ಪುತ್ತೇವೆಯೇ? ಯುರೋಪಿನಲ್ಲಿ ಧರ್ಮದ ಕಾರಣಕ್ಕೆ ಜನರನ್ನು ಹಿಂಸಿಸಿದರು, ಇಲ್ಲಿ ಮೈಬಣ್ಣದ ಕಾರಣಕ್ಕೆ ಹಿಂಸಿಸಬಹುದೇ? ಗುಲಾಮರು ತಮ್ಮ ಬಿಡುಗಡೆಗಾಗಿ ತಿರುಗಿಬಿದ್ದರೆ ಅದು ಅವರ ಹಕ್ಕಲ್ಲವೇ?

ಆ ಮನವಿ ಕ್ವೇಕರರ ಒಂದು ಸಭೆಯಿಂದ ಇನ್ನೊಂದಕ್ಕೆ ಮೇಲೇರುತ್ತ ಹೋಗಿ, ತೀರ್ಪು ಕೊಡಲಾರದಷ್ಟು ಗಹನವೆಂದು ಬದಿಗೆ ಸರಿಯಿತು. ಕಳೆದುಹೋಗಿ 1844ರಲ್ಲಿ ಸಿಕ್ಕಿತು. ಮತ್ತೆ ಕಳೆದು 2005ರಲ್ಲಿ ಸಿಕ್ಕಿತು. ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಕಾನೂನನ್ನು ಪೆನ್ಸಿಲ್ವೇನಿಯಾ ತಂದದ್ದು 1780ರಲ್ಲಿ. ಕೇಳಿದ ನಾಲ್ವರಲ್ಲಿ ಅದನ್ನು ನೋಡಲು ಯಾರೂ ಉಳಿದಿರಲಿಲ್ಲ.

ಸ್ವಾತಂತ್ರ್ಯದ ಪಾಠವನ್ನು ಇಲ್ಲಿನ ಮಕ್ಕಳಿಗೆ 1776ರ ಸ್ವಾತಂತ್ರ್ಯ ಘೋಷಣೆಯಿಂದ ಶುರುಮಾಡಿ ಹೇಳುತ್ತೇವೆ. ಅದಕ್ಕೂ 88 ವರ್ಷ ಮೊದಲು ಇದೇ ಊರಿನಲ್ಲಿ ಹೊರಗಿನಿಂದ ಬಂದ ಸಾಮಾನ್ಯ ಜನ, ತಮ್ಮದಲ್ಲದ ನೋವಿಗೆ ದನಿ ಎತ್ತಿದ್ದರು. ವಲಸೆ ಬಂದವರ ಮಕ್ಕಳಿಗೂ, ಗುಲಾಮರಾಗಿದ್ದವರ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಇದು ತಿಳಿಯಬೇಕು.

ಒಳಗೆ ಜಾಗ ಕಡಿಮೆ, ಒಮ್ಮೆಗೆ ಒಂದು ತರಗತಿಯಷ್ಟೇ ಹೋಗಬಹುದು. ಆದ್ದರಿಂದ ಶಾಲಾ ಮಂಡಳಿ ಮತ್ತು ಕಟ್ಟಡವನ್ನು ನೋಡಿಕೊಳ್ಳುವವರನ್ನು ಒಟ್ಟಿಗೆ ಕೂರಿಸಿ ವರ್ಷದ ವೇಳಾಪಟ್ಟಿಯೊಂದನ್ನು ಮಾಡಿಸಿ. ಬಸ್ಸಿನ ಖರ್ಚನ್ನು ನಗರವೇ ಹೊರಲಿ.

ಇಂತಿ ತಮ್ಮ ವಿಶ್ವಾಸಿ,
ಈ ನಗರದ ಒಬ್ಬ ಕನ್ನಡಿಗ