ನೀರಿನೊಳಗಿನ ಹೊಲ

ಬೇಸಿಗೆ ರಜೆ ಹತ್ತಿರವಾದಂತೆ ಮನೆಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಕೊಡಿಕೊಂಡದ ಸುತ್ತಮುತ್ತಲಿನ ನಮಗಂತೂ ತುಂಬಿದ ನೀರು ಕಂಡರೇ ಹಬ್ಬ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಸೀಮೆ, ಕಡಲೆಕಾಯಿ ಬಿತ್ತಿ ಆಕಾಶ ನೋಡುವವರು ನಾವು. ದೋಣಿಯಲ್ಲಿ ಒಂದು ದಿನ ಕಳೆಯಬೇಕೆನ್ನುವವರಿಗೆ ದೂರದ ಆಲಪ್ಪುಳಕ್ಕಿಂತ ಕಾಸರಗೋಡು ಜಿಲ್ಲೆಯ ವಲಿಯಪರಂಬವನ್ನೇ ಹೇಳುತ್ತೇವೆ.

ನೀಲೇಶ್ವರದಲ್ಲಿ ರೈಲಿಳಿದರೆ ಕೋಟ್ಟಪ್ಪುರಂ ಹತ್ತಿರ. ಹೌಸ್‌ಬೋಟ್‌ಗಳು ಅಲ್ಲಿಂದ ಹೊರಡುತ್ತವೆ. (1956ರ ನವೆಂಬರ್ 1ರವರೆಗೆ ಈ ಸೀಮೆಯೂ ದಕ್ಷಿಣ ಕನ್ನಡ ಜಿಲ್ಲೆಯದೇ.) ಹಿನ್ನೀರು ಎಂದೊಡನೆ ನಮಗೆ ಅಣೆಕಟ್ಟು ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಕಡಲಿಗೂ ನದಿಗಳಿಗೂ ನಡುವೆ ಸುಮಾರು 24 ಕಿ.ಮೀ. ಉದ್ದದ ಮರಳ ದಿಬ್ಬ ಮಲಗಿದೆ. ಅದೇ ವಲಿಯಪರಂಬ. ಆಚೆ ಅರಬ್ಬಿ ಸಮುದ್ರದ ಮೊರೆತ, ಈಚೆ ಕೆರೆಯಂತೆ ನಿಂತ ನೀರು, ದಡದುದ್ದಕ್ಕೂ ತೆಂಗು.

ದೋಣಿ ಸ್ವಲ್ಪ ದೂರ ಸಾಗಿದರೆ ನೀರಿನಲ್ಲಿ ಬಿದಿರಿನ ಚಪ್ಪರಗಳು ಕಾಣುತ್ತವೆ. ಅದು ಕಲ್ಲುಮ್ಮಕ್ಕಾಯ ಎಂಬ ಚಿಪ್ಪುಜೀವಿಯ ಬೆಳೆ. ತುಳುವರು ಪಚ್ಚಿಲೆ ಎನ್ನುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಲಿಸಿದ ಈ ಕೃಷಿಯನ್ನು 1990ರ ದಶಕದಿಂದ ಇಲ್ಲಿನ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಹಿಡಿದವು. ಕಡಲ ಬಂಡೆಗಳಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಇಟ್ಟು, ತೆಳು ಹತ್ತಿಬಟ್ಟೆಯಿಂದ ಸುತ್ತಿ ಹೊಲಿದು, ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮೇವು ಹಾಕಬೇಕಿಲ್ಲ. ನೀರನ್ನೇ ಸೋಸಿ, ಅದರಲ್ಲಿನ ಸೂಕ್ಷ್ಮಜೀವಿಗಳನ್ನು ತಿಂದು ಬೆಳೆಯುತ್ತವೆ.

ನವೆಂಬರ್-ಡಿಸೆಂಬರಿನಲ್ಲಿ ಬಿತ್ತಿದ್ದನ್ನು ಮುಂಗಾರಿಗೆ ಮೊದಲೇ ಕೊಯ್ಯಬೇಕು. ಮಳೆಯ ಸಿಹಿನೀರು ನುಗ್ಗಿ ಉಪ್ಪು ತಗ್ಗಿದರೆ ಬೆಳೆ ಸಾಯುತ್ತದೆ. ನಮ್ಮ ರೈತ ಮಳೆ ಬರಲೆಂದು ಹರಕೆ ಹೊತ್ತರೆ, ಆ ತಾಯಂದಿರು ಮೇ ತಿಂಗಳು ಕಳೆಯುವವರೆಗೆ ಬಾರದಿರಲೆಂದು ಬೇಡುತ್ತಾರೆ. ಇಬ್ಬರ ತಲೆಯ ಮೇಲೂ ಸಾಲವಿರುತ್ತದೆ.

ನಾವು ರಜೆಗೆ ಹೋಗುವುದು ಈ ಕೊಯ್ಲಿನ ದಿನಗಳಲ್ಲೇ. ಆದ್ದರಿಂದ ಎಸೆಯುವ ಚಿಪ್ಸ್ ಪೊಟ್ಟಣ, ಚೆಲ್ಲುವ ಎಂಜಲು ಬೀಳುವುದು ಒಬ್ಬರ ಹೊಲಕ್ಕೆ. ಚಪ್ಪರದ ಹತ್ತಿರ ಹೋಗಿ ಫೋಟೊ ತೆಗೆಯೋಣವೆಂದು ದೋಣಿಯವರನ್ನು ಪೀಡಿಸುವುದೂ ಬೇಡ.

ಇನ್ನೊಂದು ಮಾತು, ಮುಖ್ಯವಾಗಿ ಯುವಕರಿಗೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಕತ್ತಲಾದ ಮೇಲೆ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ಸತ್ತರು; ಹೆಚ್ಚಿನವರು ಮಕ್ಕಳು. ಲೈಫ್ ಜಾಕೆಟ್ ಸಾಲದಿದ್ದರೆ ಹತ್ತಬೇಡಿ. ಮುಂಗಡ ಹಣ ಹೋದರೆ ಹೋಗಲಿ.

ಮಧ್ಯಾಹ್ನದ ಊಟಕ್ಕೆ ಅಕ್ಕಿಹಿಟ್ಟು ತುಂಬಿ ಬೇಯಿಸಿ ಹುರಿದ ಕಲ್ಲುಮ್ಮಕ್ಕಾಯ ಸಿಕ್ಕರೆ ಖಂಡಿತ ತಿನ್ನಿ. ದಡದಲ್ಲಿ ಹೆಣ್ಣುಮಕ್ಕಳೇ ಮಾರುತ್ತಿದ್ದರೆ ಮಾತ್ರ ಚೌಕಾಸಿ ಮಾಡಬೇಡಿ.