ಗ್ಯಾಸ್ ತುಂಬಿಸುವ ಮೊದಲು

ಏಪ್ರಿಲ್ ಮುಗಿಯುತ್ತಿದ್ದಂತೆ ಪುಣೆಯ ಕನ್ನಡಿಗರ ಕಾರುಗಳು ದಕ್ಷಿಣಕ್ಕೆ ಮುಖ ಮಾಡುತ್ತವೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಊರಲ್ಲಿ ಮದುವೆಯೋ ಜಾತ್ರೆಯೋ ಒಂದು ಇದ್ದೇ ಇರುತ್ತದೆ. ಕಾತ್ರಜ್ ದಾಟಿ, ಖೇಡ್ ಶಿವಾಪುರದ ಟೋಲ್ ಸಾಲಿನಲ್ಲಿ ನಿಂತು, ಭೋರ್ ತಾಲ್ಲೂಕಿನ ಕಾಪೂರಹೋಳ್, ಶಿರವಳ, ಆಮೇಲೆ ಖಂಬಾಟ್ಕಿ ಘಾಟ್. ಈ ದಾರಿಯಲ್ಲಿ ಎಸಿ ಕೈಕೊಟ್ಟಾಗ ಹಿಂದಿನ ಸೀಟಿನಲ್ಲಿ ವಯಸ್ಸಾದವರೋ ಕೂಸೋ ಇದ್ದರೆ ಅದು ಬರೀ ಬೆವರಿನ ಮಾತಲ್ಲ.

ಎಸಿ ಬಿಸಿಗಾಳಿ ಊದಿತು ಎಂದರೆ ಹತ್ತರಲ್ಲಿ ಎಂಟು ಗ್ಯಾರೇಜುಗಳ ಉತ್ತರ ಒಂದೇ: "ಗ್ಯಾಸ್ ಮುಗಿದಿದೆ." ಆದರೆ ಈ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ. ಕಾರಿನ ಮೂತಿಯಲ್ಲಿರುವ ಕಂಡೆನ್ಸರ್ ಅದರ ಶಾಖವನ್ನು ಹೊರಗೆ ಚೆಲ್ಲಿ ದ್ರವ ಮಾಡುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್ ದಾಟಿದ ಮೇಲೆ ಡ್ಯಾಶ್‌ಬೋರ್ಡ್ ಹಿಂದಿನ ಕಾಯಿಲ್‌ನಲ್ಲಿ ಕುದಿದು ಆವಿಯಾಗುತ್ತ, ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಬಹುತೇಕ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಸಾಮಾನ್ಯ ವಾಯು ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ರಬ್ಬರ್ ಪೈಪು, ಸೀಲುಗಳಿಂದ ವರ್ಷಗಳಲ್ಲಿ ಚೂರು ಜಿನುಗುವುದು ಸಹಜ. ಆದರೆ ಪ್ರತಿ ಬೇಸಿಗೆಗೂ ಗ್ಯಾಸ್ ಬೇಕಾಗುತ್ತಿದೆ ಎಂದರೆ ಎಲ್ಲೋ ತೂತಿದೆ, ಇಲ್ಲವೇ ರೋಗ ಬೇರೆಯೇ ಇದೆ.

ನಮ್ಮ ಕಾರಿನದು ಎರಡನೆಯ ಬಗೆ. ಹೋದ ಮೇ ತಿಂಗಳಲ್ಲಿ ಅವ್ವನನ್ನು ಗದಗಿಗೆ ಕರೆದೊಯ್ಯುತ್ತಿದ್ದೆ. ಅದಕ್ಕೆ ಮೂರು ವಾರ ಮೊದಲಷ್ಟೇ ನಗರದ ಒಂದು ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿಸಿಕೊಟ್ಟಿದ್ದರು. ಹೆದ್ದಾರಿಯಲ್ಲಿ ತಂಪಾಗಿದ್ದ ಗಾಳಿ ಟೋಲ್ ಸಾಲಿನಲ್ಲಿ ಬಿಸಿಯಾಯಿತು. ಓಡಿದಾಗ ಮತ್ತೆ ತಂಪು. ಕಾಪೂರಹೋಳ್ ಬಳಿ ಟ್ರಾಫಿಕ್‌ನಲ್ಲಿ ನಿಂತಾಗ ಮತ್ತೆ ಬಿಸಿ. "ಏನಪಾ, ಒಲಿ ಮುಂದ ಕುಂತಂಗಾತಲ್ಲ" ಎಂದು ಅವ್ವ ಸೆರಗಿನಿಂದ ಗಾಳಿ ಹಾಕಿಕೊಂಡಳು. ಆಕೆಗೆ ಬಿಪಿ ಇದೆ, ವಯಸ್ಸು 74. ಚಹಾ ಅಂಗಡಿಯವರು ಹೇಳಿದ ಗುರುತು ಹಿಡಿದು ಭೋರ್ ಊರಿನ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆವು.

ಅವರು ಮೊದಲು ಗ್ಯಾಸಿನ ಸಿಲಿಂಡರ್ ಮುಟ್ಟಲಿಲ್ಲ. "ಗಾಡಿ ಚಾಲತೆ ತೇವ್ಹಾ ಥಂಡ, ಉಭೀ ರಾಹಿಲಿ ಕೀ ಗರಮ್?" ಎಂದು ಕೇಳಿದರು. ಓಡುವಾಗ ತಂಪು, ನಿಂತರೆ ಬಿಸಿ. ಹೌದೆಂದೆ. ಎಂಜಿನ್, ಎಸಿ ಎರಡನ್ನೂ ಹಾಕಿಸಿ ಬಾನೆಟ್ ತೆರೆದರು. ಕಂಪ್ರೆಸರಿನ ಕ್ಲಚ್ 'ಟಕ್' ಎಂದು ಕೂತಿತು, ಆದರೆ ಕಂಡೆನ್ಸರ್ ಫ್ಯಾನ್ ತಿರುಗುತ್ತಿರಲಿಲ್ಲ. ಒಂದು ಮಗ್ ನೀರನ್ನು ಮುಂದಿನ ಜಾಲರಿಯಿಂದ ಕಂಡೆನ್ಸರ್ ಮೇಲೆ ನಿಧಾನವಾಗಿ ಎರಚಿದರು. ಒಂದೇ ನಿಮಿಷದಲ್ಲಿ ಒಳಗೆ ತಣ್ಣನೆ ಗಾಳಿ. ಗ್ಯಾಸ್ ಇದೆ, ಶಾಖ ಹೊರಹೋಗುತ್ತಿಲ್ಲ ಅಷ್ಟೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಫ್ಯೂಸ್ ಸರಿ ಇತ್ತು. ರಿಲೇ ಬದಲಿಸಿ ನೋಡಿದರು, ಊಹೂಂ. ಬ್ಯಾಟರಿಯಿಂದ ನೇರ ವೈರ್ ಕೊಟ್ಟರೂ ಫ್ಯಾನಿನ ಮೋಟರ್ ಅಲುಗಲಿಲ್ಲ. ಹೊಸ ಮೋಟರಿಗೆ 2,800, ಕೂಲಿ 500 ರೂಪಾಯಿ. ಒಂದು ಗ್ರಾಂ ಗ್ಯಾಸನ್ನೂ ಸೇರಿಸಲಿಲ್ಲ. ಅದೇ ಫ್ಯಾನ್ ರೇಡಿಯೇಟರಿಗೂ ಗಾಳಿ ಕೊಡುವುದರಿಂದ, ಖಂಬಾಟ್ಕಿ ಏರಿನಲ್ಲಿ ಲಾರಿಗಳ ಹಿಂದೆ ತೆವಳುವಾಗ ಎಂಜಿನ್ನೇ ಕುದಿಯಬಹುದಿತ್ತು.

ಅವರು ಮಾಡಿದ್ದರಲ್ಲಿ ಅರ್ಧವನ್ನು ನಾವೇ ಮಾಡಬಹುದು. ಗಾಳಿಯ ರಭಸವೇ ಕಡಿಮೆ ಇದ್ದರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಧೂಳು, ಒಣಗಿದ ಎಲೆ ತುಂಬಿರುತ್ತದೆ. ಗಾಳಿ ಜೋರಾಗಿದ್ದೂ ಬಿಸಿಯಿದ್ದರೆ ಕ್ಲಚ್ ಕೂರುತ್ತದೆಯೇ, ಫ್ಯಾನ್ ತಿರುಗುತ್ತದೆಯೇ ಗಮನಿಸಿ. ಕೈ, ಸೆರಗು, ದುಪಟ್ಟಾ ದೂರವಿರಲಿ, ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ. ಮೊದಲು ತಂಪಾಗಿದ್ದು ಒಂದು ತಾಸಿನ ಮೇಲೆ ಗಾಳಿಯೇ ಕಟ್ಟಿಕೊಂಡರೆ ಒಳಗಿನ ಕಾಯಿಲ್ ಮೇಲೆ ಹಿಮ ಕಟ್ಟಿರಬಹುದು. ಎಸಿ ಆರಿಸಿ ಬರೀ ಬ್ಲೋವರ್ ಓಡಿಸಿ. ಒಂದು ಬದಿ ತಂಪು, ಇನ್ನೊಂದು ಬದಿ ಬಿಸಿ ಇದ್ದರೆ ಗ್ಯಾಸ್ ಕಡಿಮೆಯಾಗಿರಬಹುದು, ಇಲ್ಲವೇ ಬಿಸಿ-ತಂಪು ಗಾಳಿ ಬೆರೆಸುವ ಬಾಗಿಲು ಸಿಕ್ಕಿಕೊಂಡಿರಬಹುದು. ಪೈಪಿನ ಜೋಡಣೆಯ ಬಳಿ ಎಣ್ಣೆಯ ಜಿಡ್ಡು ಕಂಡರೆ ಅದು ಸೋರಿಕೆಯ ಗುರುತು, ಏಕೆಂದರೆ ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ.

ಮಿಕ್ಕದ್ದಕ್ಕೆ ಗೇಜ್ ಬೇಕು. ಎರಡೂ ಕಡೆಯ ಒತ್ತಡ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರಿಗೆ ಗಾಳಿ ಸಾಲದು, ಇಲ್ಲವೇ ಗ್ಯಾಸ್ ಅತಿಯಾಗಿದೆ. ಹೆಚ್ಚಿರಬೇಕಾದದ್ದು ಕಡಿಮೆ, ಕಡಿಮೆ ಇರಬೇಕಾದದ್ದು ಹೆಚ್ಚು ಇದ್ದರೆ ಕಂಪ್ರೆಸರ್ ದಣಿದಿದೆ. ಗ್ಯಾಸ್ ತುಂಬಲೇಬೇಕಾದರೆ ಮೊದಲು ಸೋರಿಕೆ ಹುಡುಕಿ ಮುಚ್ಚಬೇಕು, ಅರ್ಧ ತಾಸಾದರೂ ವ್ಯಾಕ್ಯೂಮ್ ಎಳೆದು ಒಳಗಿನ ಗಾಳಿ, ತೇವ ತೆಗೆಯಬೇಕು, ಆಮೇಲೆ ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಬೇಕು. "ಇನ್ನೊಂಚೂರು ಹಾಕ್ತೀನಿ ಸಾರ್, ಚೆನ್ನಾಗಿ ತಂಪಾಗತ್ತೆ" ಎನ್ನುವುದು ಔದಾರ್ಯವಲ್ಲ. ಹೆಚ್ಚಾದ ಗ್ಯಾಸ್ ತಂಪನ್ನು ಕಡಿಮೆ ಮಾಡುತ್ತದೆ, ಕಂಪ್ರೆಸರ್ ಮೇಲೆ ಭಾರ ಹಾಕುತ್ತದೆ.

ಇದು ಜೇಬಿನ ಲೆಕ್ಕ ಮಾತ್ರವೂ ಅಲ್ಲ. ಓಝೋನ್ ಪದರವನ್ನು ತಿನ್ನುತ್ತಿದ್ದ ಆರ್-12 ಅನ್ನು 1987ರ ಮಾಂಟ್ರಿಯಲ್ ಒಪ್ಪಂದ ಹೊರಗಟ್ಟಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನ್‌ಗೆ ತೊಂದರೆ ಕೊಡದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ತೂತು ಮುಚ್ಚದೆ ತುಂಬಿಸಿದ ಅರ್ಧ ಕಿಲೋ ಗ್ಯಾಸ್ ಮುಂದಿನ ಬೇಸಿಗೆಯ ಬಿಸಿಲಿಗೇ ಸೇರುತ್ತದೆ.

ಊರಿಗೆ ಹೊರಡುವ ಹಿಂದಿನ ವಾರ, ಮಟಮಟ ಮಧ್ಯಾಹ್ನ, ಬಯಲಿನಲ್ಲಿ ಕಾರು ನಿಲ್ಲಿಸಿ ಎಸಿ ಹಾಕಿ ಹತ್ತು ನಿಮಿಷ ಒಳಗೆ ಕೂತು ನೋಡಿ. ಬೆಳಗಿನ ತಂಪಿನಲ್ಲಿ ಎಲ್ಲ ಎಸಿಯೂ ಚೆನ್ನಾಗೇ ಇರುತ್ತದೆ. ನಿಂತ ಕಾರು ತಂಪಾಗಿದ್ದರೆ ಘಾಟಿನಲ್ಲೂ ತಂಪಾಗಿಯೇ ಇರುತ್ತದೆ.